ಸೋಲಾರ್ ಲೈಟಿಗೆ ಎರಡು ಜಾಗ ಬೇಕು

ಎಂಟು ಸೋಲಾರ್ ಲೈಟುಗಳನ್ನು ಒಂದೇ ದಿನ ಕೈತೋಟದ ದಾರಿಯುದ್ದಕ್ಕೂ ಚುಚ್ಚಿದ್ದೆ. ಮೊಳದುದ್ದದ ಕಡ್ಡಿ, ತುದಿಯಲ್ಲೊಂದು ಬುರುಡೆ, ಅದರ ನೆತ್ತಿಯ ಮೇಲೆ ಬೆಂಕಿಪೊಟ್ಟಣದಷ್ಟು ಪ್ಯಾನಲ್. ಮೊದಲ ರಾತ್ರಿ ಮನೆಯವರೆಲ್ಲ ಹೊರಗೆ ಬಂದು ನಿಂತು ನೋಡಿದೆವು. ಚೆನ್ನಾಗಿತ್ತು. ಹತ್ತು ದಿನ ಕಳೆಯುವಷ್ಟರಲ್ಲಿ ಅದರಲ್ಲಿ ಐದು ಲೈಟು ಏಳಕ್ಕೆ ಹತ್ತಿ ಎಂಟೂವರೆಗೆಲ್ಲ ಆರಿಹೋಗುತ್ತಿದ್ದವು.

"ನಮಗಿಂತ ಮುಂಚೆ ಇವೇ ಮಲಗ್ತಾವಲ್ಲೇ" ಅಂದರು ಅತ್ತೆ.

ನಾನು ಬೈದದ್ದು ಲೈಟಿಗೆ. ತಪ್ಪು ನನ್ನದಾಗಿತ್ತು. ರಾತ್ರಿಯೆಲ್ಲ ಉರಿಯುತ್ತಿದ್ದ ಮೂರು ಬಯಲಲ್ಲಿದ್ದವು, ಬೇಗ ಮಲಗುತ್ತಿದ್ದ ಐದು ಮರದ ಕೆಳಗಿದ್ದವು. ಇಷ್ಟು ಸಣ್ಣ ವಿಷಯ ಹೊಳೆಯಲು ನನಗೆ ಎರಡು ತಿಂಗಳು ಬೇಕಾಯಿತು. ಯಾಕೆಂದರೆ ಆ ದಾರಿಯನ್ನು ನಾನು ಗಮನಿಸುತ್ತಿದ್ದದ್ದು ರಾತ್ರಿ ಮಾತ್ರ. ಸೋಲಾರ್ ಲೈಟಿಗೆ ಎರಡು ಜಾಗ ಬೇಕು. ರಾತ್ರಿ ಬೆಳಕು ಬೀಳಬೇಕಾದ ಜಾಗ ಒಂದು, ಹಗಲು ಬಿಸಿಲು ಬೀಳುವ ಜಾಗ ಇನ್ನೊಂದು. ಇವೆರಡೂ ಒಂದೇ ಕಡೆ ಸಿಗುವುದು ಅಪರೂಪ. ಮರದಡಿ, ಗೋಡೆಯ ಮೂಲೆ, ಸೂರಿನ ಕೆಳಗೆ ರಾತ್ರಿ ಕತ್ತಲು ಜಾಸ್ತಿ. ಹಗಲು ನೆರಳು ಜಾಸ್ತಿ ಇರುವುದೂ ಅಲ್ಲೇ ಅಲ್ವಾ?

ಮೊದಲು ಕತ್ತಲಲ್ಲಿ ಒಂದು ಸುತ್ತು

ಏನನ್ನೂ ಕೊಳ್ಳುವ ಮುಂಚೆ ಒಂದು ರಾತ್ರಿ ಹೊರಗಿನ ಲೈಟುಗಳನ್ನೆಲ್ಲ ಆರಿಸಿ. ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಆಮೇಲೆ ಕೈಯಲ್ಲೊಂದು ಚಾಕ್‌ಪೀಸು ಹಿಡಿದು, ಟಾರ್ಚನ್ನು ಜೇಬಲ್ಲಿಟ್ಟುಕೊಂಡು ಮನೆ ಸುತ್ತ ನಡೆಯಿರಿ. ಎಲ್ಲಿ ಕಾಲು ತಡೆಯುತ್ತದೋ ಅಲ್ಲಿ ಗೀಟು ಹಾಕಿ. ನನಗೆ ಬಂದದ್ದು ಬರೀ ಐದು ಗೀಟು: ಗೇಟಿನ ಚಿಲಕ, ಮುಂದಿನ ಮೆಟ್ಟಿಲಿನ ಕೊನೆಯ ಹಂತ, ಹಿತ್ತಿಲ ಬಾಗಿಲು, ನಲ್ಲಿಯ ಹತ್ತಿರ ಪಾಚಿ ಕಟ್ಟುವ ಕಲ್ಲು, ಸಾಮಾನಿನ ಶೆಡ್ಡಿನ ಬೀಗ. ಎಂಟು ಲೈಟು ಚುಚ್ಚಿದ್ದ ದಾರಿಯಲ್ಲಿ ಒಂದೇ ಒಂದು ಗೀಟೂ ಇರಲಿಲ್ಲ. ಆ ದಾರಿ ನೇರ, ಸಪಾಟು. ಕಣ್ಣು ಮುಚ್ಚಿಕೊಂಡೂ ಹೋಗಬಹುದು.

ಮಾರನೇ ದಿನ, ಬಿಸಿಲಿರುವಾಗ, ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, ಆಮೇಲೆ 3ಕ್ಕೆ ಅದೇ ಸುತ್ತು ಹಾಕಿ. ಮೂರು ಸಲವೂ ಬಿಸಿಲಿದ್ದ ಜಾಗದಲ್ಲಿ ಒಂದು ಕಲ್ಲು ಇಡಿ. ಈಗ ಗೀಟು ಎಲ್ಲಿದೆ, ಕಲ್ಲು ಎಲ್ಲಿದೆ ನೋಡಿ. ಗೀಟೂ ಕಲ್ಲೂ ಒಂದೇ ಕಡೆ ಇದ್ದರೆ ಪ್ಯಾನಲ್ಲೂ ಲೈಟೂ ಒಂದೇ ಡಬ್ಬಿಯಲ್ಲಿರುವ ಸಾದಾ ಸೋಲಾರ್ ಲೈಟು ಸಾಕು. ಕಲ್ಲು ಮೂರು ನಾಲ್ಕು ಮೀಟರ್ ದೂರ ಇದ್ದರೆ ಪ್ಯಾನಲ್ ಬೇರೆ, ಲೈಟು ಬೇರೆ ಇದ್ದು ನಡುವೆ ವೈರು ಇರುವಂಥದ್ದು ಬೇಕು. ಕಲ್ಲು ಸುತ್ತಮುತ್ತ ಎಲ್ಲೂ ಇಲ್ಲ ಅಂದರೆ ಸೋಲಾರ್ ಆಸೆ ಬಿಟ್ಟು, ಮನೆಯ ಕರೆಂಟಿನಿಂದಲೇ ಒಂದು ಎಲ್‌ಇಡಿ ಹಾಕಿಸಿ. ಇದರಲ್ಲಿ ಸೋತ ಹಾಗೇನೂ ಆಗುವುದಿಲ್ಲ. ಲೆಕ್ಕ ಮುಂದೆ ಕೊಡುತ್ತೇನೆ.

ಇನ್ನೊಂದು ಮಾತು. ಸೂರ್ಯ ವರ್ಷವಿಡೀ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಚಳಿಗಾಲದಲ್ಲಿ ತಗ್ಗಿ ಸಾಗುತ್ತಾನೆ, ಗೋಡೆಯ ನೆರಳು ಉದ್ದವಾಗುತ್ತದೆ. ಬೇಸಿಗೆಯಲ್ಲಿ ಇಟ್ಟ ಕಲ್ಲನ್ನು ಚಳಿಗಾಲದಲ್ಲಿ ಇನ್ನೊಮ್ಮೆ ನೋಡಿ.

ಮನೆಯೊಳಗೆ

ಸೋಲಾರ್ ಅಂದರೆ ಹುರುಪು ಬರುತ್ತದೆ, ಬಲ್ಬು ಬದಲಾಯಿಸುವುದು ಅಂದರೆ ಬೇಜಾರು. ಆದರೆ ಕರೆಂಟು ನಿಜವಾಗಿ ಉಳಿಯುವುದು ಬಲ್ಬಿನಲ್ಲಿ. ಹಳೇ ತಂತಿ ಬಲ್ಬು ತಿನ್ನುವ ಕರೆಂಟಿನಲ್ಲಿ ನೂರಕ್ಕೆ ಐದು ಪಾಲಿನಷ್ಟು ಬೆಳಕಾದರೆ ಹೆಚ್ಚು, ಮಿಕ್ಕದ್ದೆಲ್ಲ ಬಿಸಿ. 60 ವ್ಯಾಟಿನ ತಂತಿ ಬಲ್ಬು ಕೊಡುವುದು ಸುಮಾರು 800 ಲ್ಯೂಮೆನ್ ಬೆಳಕು. ಅಷ್ಟೇ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ದಿನಕ್ಕೆ ಐದು ಗಂಟೆ ಉರಿಸಿದರೆ ತಂತಿ ಬಲ್ಬಿಗೆ ವರ್ಷಕ್ಕೆ 109 ಯೂನಿಟ್ಟು, ಎಲ್‌ಇಡಿಗೆ 16. ಇದು ಒಂದೇ ಒಂದು ಬಲ್ಬಿನ ಲೆಕ್ಕ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಕಾಗಿಲ್ಲ. ಜಾಸ್ತಿ ಹೊತ್ತು ಉರಿಯುವ ಬಲ್ಬಿನಿಂದ ಶುರು ಮಾಡಿ. ವಾರಕ್ಕೊಮ್ಮೆ ಹತ್ತು ನಿಮಿಷ ಹಚ್ಚುವ ಅಟ್ಟದ ಬಲ್ಬು ಕೊನೆಗಿರಲಿ.

ಪೊಟ್ಟಣದ ಮೇಲೆ ವ್ಯಾಟ್ ನೋಡಿ ಕೊಳ್ಳುವ ಅಭ್ಯಾಸ ಬಿಡಿ. ವ್ಯಾಟ್ ಅಂದರೆ ಅದು ತಿನ್ನುವುದು, ಲ್ಯೂಮೆನ್ ಅಂದರೆ ಅದು ಕೊಡುವುದು. ಎರಡು ಪೊಟ್ಟಣ ಪಕ್ಕಪಕ್ಕ ಇಟ್ಟು, ಕಡಿಮೆ ತಿಂದು ಜಾಸ್ತಿ ಕೊಡುವುದನ್ನು ಆರಿಸಿ.

ಬೆಳಕಿನ ಬಣ್ಣ ಕೆಲ್ವಿನ್ ಲೆಕ್ಕದಲ್ಲಿರುತ್ತದೆ. 2700 ಅಂದರೆ ಹಳೇ ಬಲ್ಬಿನ ಹಳದಿ, 4000 ಅಂದರೆ ಸಾದಾ ಬಿಳಿ, 6500 ಅಂದರೆ ನೀಲಿ ಬೆರೆತ ಬಿಳಿ. ನಾನು ಮೊದಲ ಸಲ ಇಡೀ ಮನೆಗೆ 6500 ಹಾಕಿದೆ, ಜಾಸ್ತಿ ಅಂದರೆ ಒಳ್ಳೆಯದು ಅಂದುಕೊಂಡು. ಅತ್ತೆ ತಮ್ಮ ಕೋಣೆಗೆ ಹೋಗಿ ಎರಡೇ ನಿಮಿಷಕ್ಕೆ ಹೊರಗೆ ಬಂದರು. "ಆಸ್ಪತ್ರೆ ವಾರ್ಡಲ್ಲಿ ಮಲಗಿದ ಹಾಗಿದೆ ಕಣೇ, ಹಳೇದೇ ಹಾಕು." ಅವರ ಕೋಣೆಗೆ ಮತ್ತು ಹಜಾರಕ್ಕೆ 2700 ಹಾಕಿದೆ. ಅಡುಗೆ ಕಟ್ಟೆಯ ಮೇಲೆ 4000. ಬಿಚ್ಚಿದ 6500 ಬಲ್ಬುಗಳು ಈಗ ಶೆಡ್ಡಿನಲ್ಲಿ ಸುಮ್ನೆ ಬಿದ್ದಿವೆ.

ನಾನು ಹೊಲಿಗೆ ಮಾಡುತ್ತೇನೆ. ಮೆಶಿನ್ನಿನ ಮೇಲಿದ್ದ ಎಲ್‌ಇಡಿಯ ಕೆಳಗೆ ಕಡು ನೀಲಿ ದಾರಕ್ಕೂ ಕಪ್ಪು ದಾರಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಒಂದು ಕಪ್ಪು ಪ್ಯಾಂಟಿನ ಅಂಚನ್ನು ಪೂರ್ತಿ ನೀಲಿ ದಾರದಲ್ಲಿ ಹೊಲಿದಿಟ್ಟಿದ್ದೆ. ಬಣ್ಣ ಇದ್ದ ಹಾಗೆ ತೋರಿಸುವ ಗುಣಕ್ಕೆ ಸಿಆರ್‌ಐ ಅಂತ ಒಂದು ಅಂಕಿ ಇದೆ, ಪೂರ್ಣಾಂಕ 100. ಸಾಮಾನ್ಯ ಬಲ್ಬುಗಳದ್ದು 80ರ ಆಸುಪಾಸು. ಹೊಲಿಗೆ, ಚಿತ್ರ, ಕನ್ನಡಿ ಮುಂದಿನ ಕೆಲಸಕ್ಕೆ 90 ದಾಟಿದ್ದು ತೊಗೊಳ್ಳಿ. ಬೇರೆ ಕಡೆ ತಲೆ ಕೆಡಿಸಿಕೊಳ್ಳಬೇಡಿ.

ಎಲ್‌ಇಡಿ ಎಂದರೆ ಹದಿನೈದು ಇಪ್ಪತ್ತೈದು ಸಾವಿರ ಗಂಟೆ ಬಾಳುತ್ತದೆ ಅನ್ನುತ್ತಾರೆ. ನಮ್ಮ ಬಚ್ಚಲುಮನೆಯದು ಏಳು ತಿಂಗಳಿಗೆ ಹೋಯಿತು. ಅದೇ ಪೊಟ್ಟಣದ ಇನ್ನೊಂದು ಬಲ್ಬು ವರಾಂಡದ ತೆರೆದ ಹೋಲ್ಡರಿನಲ್ಲಿ ಐದನೇ ವರ್ಷವೂ ಉರಿಯುತ್ತಿದೆ. ಬಚ್ಚಲಿನದನ್ನು ನಾನು ಮುಚ್ಚಿದ ಗಾಜಿನ ಗುಂಡಿನೊಳಗೆ ಹಾಕಿದ್ದೆ, ಅದೇ ಎಡವಟ್ಟು. ಎಲ್‌ಇಡಿಯಲ್ಲಿ ಬೇಗ ಸಾಯುವುದು ಬೆಳಕು ಕೊಡುವ ಚುಕ್ಕಿಗಿಂತ ಅದರ ಬುಡದಲ್ಲಿ ಕರೆಂಟನ್ನು ಹದಮಾಡಿ ಕೊಡುವ ಡ್ರೈವರ್ ಅನ್ನುವ ಭಾಗ. ಬಿಸಿ ಹೊರಗೆ ಹೋಗದಿದ್ದರೆ ಅದರೊಳಗಿನ ಕೆಪಾಸಿಟರ್ ಒಣಗಿಹೋಗುತ್ತದೆ. ಗುಂಡು ಬೇಕೇ ಬೇಕು ಅಂದರೆ ಮುಚ್ಚಿದ ಫಿಟ್ಟಿಂಗಿಗೆ ಆಗುತ್ತದೆ ಎಂದು ಬರೆದಿರುವ, ಕಡಿಮೆ ವ್ಯಾಟಿನ ಬಲ್ಬು ಹಾಕಿ.

ಸ್ವಿಚ್ಚು ಆರಿಸಿದ ಮೇಲೂ ಬಲ್ಬು ಮಿಣಮಿಣ ಅನ್ನುತ್ತಿದ್ದರೆ ಹೆದರಬೇಡಿ. ನಮ್ಮನೆಯಲ್ಲಿ ಇದು ಒಂದು ವಾರ ದೆವ್ವದ ಕಥೆಯಾಗಿತ್ತು. ಸ್ವಿಚ್ಚಿನೊಳಗೆ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕ ಚೂರು ಕರೆಂಟು ಬಲ್ಬಿಗೆ ಸೋರುತ್ತಲೇ ಇರುತ್ತದೆ. ತಂತಿ ಬಲ್ಬಿಗೆ ಅದು ಏನೂ ಅಲ್ಲ, ಎಲ್‌ಇಡಿಗೆ ಮಿಣುಕಲು ಅಷ್ಟೇ ಸಾಕು. ಇಂಡಿಕೇಟರ್ ಇಲ್ಲದ ಸ್ವಿಚ್ಚಿನಲ್ಲೂ ಹೀಗಾದರೆ ಮಾತ್ರ ಎಲೆಕ್ಟ್ರಿಷಿಯನ್ ಕರೆಸಿ. ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ ತಂತಿಗೆ ಕೂತಿರಬಹುದು. ಹಾಗಿದ್ದರೆ ಆರಿಸಿದ ಮೇಲೂ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ, ಬಲ್ಬು ಬದಲಾಯಿಸುವಾಗ ಶಾಕ್ ಹೊಡೆಯುತ್ತದೆ.

ಹಳೇ ಸಿಎಫ್‌ಎಲ್ ಉಳಿದಿದ್ದರೆ ಬೀಳಿಸಬೇಡಿ, ಒಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಒಡೆದರೆ ಕಿಟಕಿ ತೆರೆದು ಎಲ್ಲರೂ ಸ್ವಲ್ಪ ಹೊತ್ತು ಹೊರಗಿರಿ. ಆಮೇಲೆ ಚೂರುಗಳನ್ನು ಗಟ್ಟಿ ಕಾಗದದಿಂದ ಬಾಚಿ, ಪುಡಿಯನ್ನು ಅಂಟು ಟೇಪಿನಿಂದ ಎತ್ತಿ, ಮುಚ್ಚಳದ ಡಬ್ಬಿಗೆ ಹಾಕಿ. ವ್ಯಾಕ್ಯೂಮ್ ಕ್ಲೀನರ್ ಹಾಕಬೇಡಿ.

ಲೈಟು ಬಿಚ್ಚಿ ನೋಡಿದ್ದು

ಈಗ ನನ್ನ ಐದು ಸೋಮಾರಿಗಳ ವಿಷಯ. ಒಂದನ್ನು ಬಿಚ್ಚಿದೆ. ಒಳಗಿದ್ದದ್ದು ಒಂದು ಪೆನ್ಸಿಲ್ ಸೆಲ್ಲು, ಐಸಿ ಅನ್ನುವ ನಾಲ್ಕು ಕಾಲಿನ ಒಂದು ಪುಟ್ಟ ಚಿಪ್, ಅಕ್ಕಿಕಾಳಿನ ಹಾಗೆ ಕಾಣುವ ಒಂದು ಕಾಯಿಲ್, ಒಂದು ಎಲ್‌ಇಡಿ. ಇಷ್ಟೇ. ಸೆಲ್ಲು 1.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್, 600 ಮಿಲಿಆಂಪ್ ಅವರ್, ಅಂದರೆ 600 ಮಿಲಿಆಂಪ್ ಕರೆಂಟನ್ನು ಒಂದು ಗಂಟೆ ಕೊಡುವಷ್ಟು ತುಂಬಿಕೊಳ್ಳುತ್ತದೆ. ಬಿಳಿ ಎಲ್‌ಇಡಿ ಉರಿಯಲು ಮೂರು ವೋಲ್ಟಿನಷ್ಟು ಬೇಕು. ಆ ಐಸಿ ಮತ್ತು ಕಾಯಿಲ್ ಸೇರಿ 1.2ನ್ನು ಅಷ್ಟಕ್ಕೆ ಏರಿಸುತ್ತವೆ. ಕತ್ತಲಾಯಿತು ಅಂತ ಗೊತ್ತುಮಾಡಿಕೊಳ್ಳಲು ಬೇರೆ ಕಣ್ಣೇನೂ ಇಲ್ಲ. ಪ್ಯಾನಲ್ಲಿನ ವೋಲ್ಟೇಜು ಬಿದ್ದಾಗ ಐಸಿ ಲೈಟು ಹತ್ತಿಸುತ್ತದೆ. ಅಂದರೆ ಪ್ಯಾನಲ್ಲೇ ಕಣ್ಣು, ಪ್ಯಾನಲ್ಲೇ ಬಾಯಿ.

ಇದರಿಂದ ಒಂದು ತಮಾಷೆ ಆಗುತ್ತದೆ. ಬೀದಿ ದೀಪದ ಬೆಳಕು ಪ್ಯಾನಲ್ಲಿನ ಮೇಲೆ ಬಿದ್ದರೆ ಲೈಟು ಇನ್ನೂ ಹಗಲು ಅಂದುಕೊಂಡು ಹತ್ತುವುದೇ ಇಲ್ಲ. ಗೇಟಿನ ಹತ್ತಿರ ನಾನು ಹಾಕಿದ್ದು ಹೀಗೇ ಕೂತಿತ್ತು. ಕೆಟ್ಟಿದೆ ಅಂದುಕೊಂಡು ಎಸೆಯಲು ಹೊರಟಿದ್ದೆ. ಅಂಗೈಯಿಂದ ಪ್ಯಾನಲ್ ಮುಚ್ಚಿದ ತಕ್ಷಣ ಹತ್ತಿತು. ಯಾವ ಸೋಲಾರ್ ಲೈಟು ಕೆಲಸ ಮಾಡದಿದ್ದರೂ ಮೊದಲು ಈ ಅಂಗೈ ಪರೀಕ್ಷೆ ಮಾಡಿ.

ಮಲ್ಟಿಮೀಟರ್ ಇತ್ತು, ಅಳೆದೆ. ಪೂರ್ತಿ ಬಿಸಿಲಿನಲ್ಲಿ ಆ ಪುಟ್ಟ ಪ್ಯಾನಲ್ ಕೊಟ್ಟದ್ದು 50 ಮಿಲಿಆಂಪ್. ಮರದ ಕೆಳಗೆ 4. ಲೈಟು ಉರಿಯಲು ಸೆಲ್ಲಿನಿಂದ ಎಳೆಯುವುದು 20. ಬಯಲಲ್ಲಿ ಒಳ್ಳೆಯ ಬಿಸಿಲು ಐದು ಗಂಟೆ ಸಿಕ್ಕರೆ 250 ಮಿಲಿಆಂಪ್ ಅವರ್ ತುಂಬುತ್ತದೆ. ತುಂಬುವಾಗ ಒಂದು ಪಾಲು ನಷ್ಟ ಆಗಿ 200 ಉಳಿದರೂ ಹತ್ತು ಗಂಟೆ ಉರಿಯುತ್ತದೆ. ಮರದಡಿ ಇಡೀ ಹಗಲು, ಹತ್ತು ಗಂಟೆ ಕೂತರೂ 40. ನಷ್ಟ ಕಳೆದರೆ ಒಂದೂವರೆ ಗಂಟೆ. ಏಳಕ್ಕೆ ಹತ್ತಿ ಎಂಟೂವರೆಗೆ ಆರುತ್ತಿದ್ದದ್ದು ಇದಕ್ಕೇ. ನಮ್ಮ ಕಣ್ಣಿಗೆ ಮರದ ನೆರಳು ಅಷ್ಟೇನೂ ಕತ್ತಲು ಅನ್ನಿಸುವುದಿಲ್ಲ, ಕಣ್ಣು ಹೊಂದಿಕೊಂಡುಬಿಡುತ್ತದೆ. ಪ್ಯಾನಲ್ಲಿಗೆ ಆ ಹೊಂದಾಣಿಕೆ ಗೊತ್ತಿಲ್ಲ.

ಪ್ಯಾನಲ್ ದೊಡ್ಡದಾದರೂ ನೆರಳಿನ ಕಾಟ ತಪ್ಪುವುದಿಲ್ಲ. ಅದರಲ್ಲಿ ಬಿಲ್ಲೆಗಳು ಸಾಲಾಗಿ ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ. ಪೈಪನ್ನು ಒಂದು ಕಡೆ ಹಿಸುಕಿದರೆ ಇಡೀ ಪೈಪಿನಲ್ಲಿ ನೀರು ಕಡಿಮೆಯಾಗುತ್ತದಲ್ಲ, ಹಾಗೆ ಒಂದು ಬಿಲ್ಲೆಯ ಮೇಲೆ ನೆರಳು ಬಿದ್ದರೂ ಆ ಸಾಲಿನ ಕರೆಂಟೇ ಕುಸಿಯುತ್ತದೆ. ಅಗಲವಾದ ಒಂದು ಒಣಗಿದ ಎಲೆ ಸಾಕು.

ಹೊಸ ಲೈಟು ತಂದಾಗ ಸೆಲ್ಲಿನ ಬಾಯಿಗೆ ಸಿಕ್ಕಿಸಿರುವ ಪ್ಲಾಸ್ಟಿಕ್ ಪಟ್ಟಿ ಎಳೆಯಿರಿ. ಎಂಟರಲ್ಲಿ ಒಂದಕ್ಕೆ ನಾನು ಎಳೆಯಲು ಮರೆತಿದ್ದೆ. ಸ್ವಿಚ್ಚು ಆರಿಸಿದ್ದರೂ ಚಾರ್ಜ್ ಆಗುವ ಮಾದರಿಯಾದರೆ ಎರಡು ಮೂರು ದಿನ ಹಾಗೇ ಬಿಸಿಲು ಕುಡಿಸಿ, ಆಮೇಲೆ ಹಚ್ಚಿ. ಸೆಲ್ಲು ಒಂದೆರಡು ವರ್ಷಕ್ಕೆ ಸೋಲುತ್ತದೆ, ಆಗ ಲೈಟನ್ನೇ ಎಸೆಯಬೇಡಿ. ಅದೇ ಅಳತೆಯ, ಅದೇ ಜಾತಿಯ, ರೀಚಾರ್ಜ್ ಆಗುವ ಸೆಲ್ಲು ಹಾಕಿ. ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಸಾದಾ ಸೆಲ್ಲು ಮಾತ್ರ ಬೇಡ. ಅದನ್ನು ಚಾರ್ಜ್ ಮಾಡಲು ಹೋದರೆ ಸೋರಿ ಒಳಗೆಲ್ಲ ತಿಂದುಹಾಕುತ್ತದೆ. ಸೆಲ್ಲು ತಾಗುವ ತಗಡಿನ ಮೇಲೆ ಬಿಳಿ ಅಥವಾ ಹಸಿರು ಹುಡಿ ಕಟ್ಟಿದ್ದರೆ ಹತ್ತಿಯಲ್ಲಿ ಚೂರು ವಿನೆಗರ್ ಅದ್ದಿ ಒರೆಸಿ, ಒಣಗಿಸಿ, ಮರಳು ಕಾಗದದಿಂದ ಹಗುರಾಗಿ ಉಜ್ಜಿ.

ದೊಡ್ಡ ಲೈಟಿನ ಲೆಕ್ಕ

ಶೆಡ್ಡಿನ ಹತ್ತಿರ ಚುಚ್ಚುವ ಲೈಟು ಸಾಲದು, 5 ವ್ಯಾಟಿನದೊಂದು ಬೇಕಿತ್ತು. ಅಲ್ಲಿಗೆ ಕರೆಂಟಿನ ವೈರು ಎಳೆಯಬೇಕಾದರೆ ಅಂಗಳ ಅಗೆಯಬೇಕು. ಸೋಲಾರ್ ನಿಜಕ್ಕೂ ಗೆಲ್ಲುವುದು ಇಂಥ ಕಡೆ. ಗೋಡೆಯಲ್ಲಿ ವೈರು ಈಗಾಗಲೇ ಇದ್ದರೆ ಲೆಕ್ಕ ಬೇರೆ. 5 ವ್ಯಾಟಿನ ಎಲ್‌ಇಡಿ ರಾತ್ರಿ ಹತ್ತು ಗಂಟೆ ಉರಿದರೂ ವರ್ಷಕ್ಕೆ ಸುಮಾರು 18 ಯೂನಿಟ್ಟು ಅಷ್ಟೇ. ಅಷ್ಟಕ್ಕಾಗಿ ಪ್ಯಾನಲ್, ಬ್ಯಾಟರಿ ಸಾಕುವುದು ನನಗೆ ಸರಿ ಕಾಣುವುದಿಲ್ಲ.

ಲೆಕ್ಕ ಹೀಗೆ. 5 ವ್ಯಾಟ್, 10 ಗಂಟೆ, ಅಂದರೆ ರಾತ್ರಿಗೆ 50 ವ್ಯಾಟ್ ಅವರ್. ಎರಡು ದಿನ ಮೋಡ ಕವಿದರೂ ಉರಿಯಬೇಕು ಅಂದರೆ ಮೂರು ರಾತ್ರಿಯದು, 150. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ನೂರಕ್ಕೆ ಎಂಬತ್ತರಷ್ಟು ಬಳಸಬಹುದು ಅಂದುಕೊಂಡರೆ 190 ವ್ಯಾಟ್ ಅವರ್ ಬ್ಯಾಟರಿ ಬೇಕು. 12.8 ವೋಲ್ಟಿನ 15 ಆಂಪ್ ಅವರ್ ಇದಕ್ಕೆ ಸರಿಹೊಂದುತ್ತದೆ, ಎರಡನ್ನೂ ಗುಣಿಸಿದರೆ 192. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಜಾಸ್ತಿ ಇಳಿಸಬಾರದು, ಹಾಗಾಗಿ ಇನ್ನೂ ದೊಡ್ಡದು ಬೇಕು. ದಿನಕ್ಕೆ ನಾಲ್ಕು ಗಂಟೆ ಒಳ್ಳೆಯ ಬಿಸಿಲು, ಮೂರರಲ್ಲೊಂದು ಪಾಲಿನಷ್ಟು ನಷ್ಟ ಎಂದಿಟ್ಟುಕೊಂಡರೆ 20 ವ್ಯಾಟಿನ ಪ್ಯಾನಲ್. ಮೋಡದ ದಿನಗಳಾದ ಮೇಲೆ ಬೇಗ ತುಂಬಬೇಕಾದರೆ 30. ಪ್ಯಾನಲ್ಲಿಗೂ ಬ್ಯಾಟರಿಗೂ ನಡುವೆ, ಬ್ಯಾಟರಿ ಅತಿಯಾಗಿ ತುಂಬದಂತೆ ಕಾಯುವ ಚಾರ್ಜ್ ಕಂಟ್ರೋಲರ್, ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸು. 12 ವೋಲ್ಟು ಶಾಕ್ ಹೊಡೆಯುವುದಿಲ್ಲ ಅಂತ ಅಸಡ್ಡೆ ಬೇಡ, ಎರಡು ತಂತಿ ಮುಟ್ಟಿದರೆ ಬೆಂಕಿ ಹತ್ತಲು ಅದು ಧಾರಾಳ ಸಾಕು.

ಒಂದು ಲೈಟಿಗೆ ಇಷ್ಟೆಲ್ಲ ಸಂಸಾರವಾ ಅಂತ ನನಗೂ ಅನ್ನಿಸಿತು. ಚಾಕ್‌ಪೀಸಿನ ಗೀಟು ನೆನಪಾಯಿತು. ಶೆಡ್ಡಿನ ಬೀಗ ತೆಗೆಯಲು ನನಗೆ ಬೆಳಕು ಬೇಕಾದದ್ದು ಎಷ್ಟು ಹೊತ್ತು? ರಾತ್ರಿಗೆ ಅರ್ಧ ಗಂಟೆ, ಅದೂ ಹೆಚ್ಚು. ಯಾರಾದರೂ ಬಂದಾಗ ಮಾತ್ರ ಹತ್ತುವ ಸೆನ್ಸರ್ ಇರುವ ಲೈಟು ಹಾಕಿದರೆ 50 ವ್ಯಾಟ್ ಅವರ್ ಇದ್ದದ್ದು ಎರಡೂವರೆ ವ್ಯಾಟ್ ಅವರ್‌ಗೆ ಇಳಿಯುತ್ತದೆ, ಸೆನ್ಸರ್ ತಾನೇ ತಿನ್ನುವ ಚೂರುಪಾರು ಬಿಟ್ಟು. ಆ ದೊಡ್ಡ ಪ್ಯಾನಲ್, ಬ್ಯಾಟರಿ ಯಾವುದೂ ತರಲಿಲ್ಲ. ಪ್ಯಾನಲ್ಲಿಗೆ ಬೇರೆ ವೈರು ಇರುವ, ಸೆನ್ಸರಿನ ಚಿಕ್ಕ ಲೈಟೊಂದು ತಂದೆ. ಪ್ಯಾನಲ್ ಶೆಡ್ಡಿನ ಮಾಡಿನ ಮೇಲೆ, ಲೈಟು ಬಾಗಿಲ ಮೇಲೆ.

ಸೆನ್ಸರ್ ಹಾಕುವುದರಲ್ಲೂ ಒಂದು ಹದ ಇದೆ. ಅದು ಗುರುತಿಸುವುದು ಮೈಯ ಬಿಸಿ ಅದರ ಮುಂದೆ ಅಡ್ಡ ಹಾಯುವುದನ್ನು. ನೇರ ಅದರ ಕಡೆಗೇ ನಡೆದು ಬಂದರೆ ತಡವಾಗಿ ಎಚ್ಚರಾಗುತ್ತದೆ. ನಾನು ಮೊದಲು ದಾರಿಗೆ ಎದುರಾಗಿ ಹಾಕಿದ್ದೆ, ಬೀಗಕ್ಕೆ ಕೈ ಹಾಕಿದ ಮೇಲೆ ಬೆಳಕು ಬರುತ್ತಿತ್ತು. ಪಕ್ಕದ ಕಂಬಕ್ಕೆ ಬದಲಾಯಿಸಿದೆ, ಈಗ ಹತ್ತು ಹೆಜ್ಜೆ ಇರುವಾಗಲೇ ಹತ್ತುತ್ತದೆ. ಎತ್ತರ ಎರಡರಿಂದ ಎರಡೂವರೆ ಮೀಟರ್ ಇರಲಿ. ಬಿಸಿ ಗಾಳಿ ಬರುವ ಕಿಂಡಿ, ಓಲಾಡುವ ಕೊಂಬೆ ಎದುರಿಗೆ ಇರದಂತೆ ನೋಡಿಕೊಳ್ಳಿ. ಬೆಕ್ಕು ಬಂದರೂ ಹತ್ತುತ್ತದೆ, ಅದಕ್ಕೆ ಏನೂ ಮಾಡಲಾಗುವುದಿಲ್ಲ.

ಪ್ಯಾನಲ್ ಓರೆಯಾಗಿರಲಿ. ಭೂಮಧ್ಯರೇಖೆಯ ಉತ್ತರಕ್ಕೆ ಇರುವವರು ದಕ್ಷಿಣಕ್ಕೆ ಮುಖ ಮಾಡಿಸಬೇಕು, ದಕ್ಷಿಣಕ್ಕೆ ಇರುವವರು ಉತ್ತರಕ್ಕೆ. ನಿಮ್ಮ ಊರಿನ ಅಕ್ಷಾಂಶ ಎಷ್ಟು ಡಿಗ್ರಿಯೋ ಸುಮಾರು ಅಷ್ಟೇ ಓರೆ. ಅಕ್ಷಾಂಶ ತೀರಾ ಕಡಿಮೆ ಇದ್ದರೂ ಹತ್ತು ಡಿಗ್ರಿ ಕೊಡಿ, ಮಳೆ ನೀರು ಧೂಳನ್ನು ತಾನೇ ತೊಳೆದುಕೊಂಡು ಹೋಗುತ್ತದೆ.

ಹೊರಗಿನ ಬೆಳಕಿಗೆ ಹಳದಿಯೇ ಇರಲಿ, 2700 ಅಥವಾ ಅದಕ್ಕಿಂತ ಕಡಿಮೆ. ಬಿಳಿ ಎಲ್‌ಇಡಿ ಅನ್ನುವುದು ನಿಜಕ್ಕೂ ನೀಲಿ ಎಲ್‌ಇಡಿ, ಮೇಲೆ ಹಳದಿ ಬೆಳಕು ಕೊಡುವ ಪುಡಿಯ ಲೇಪ. ಆ ನೀಲಿ ದೀಪ ಸಾಧಿಸಿದ್ದಕ್ಕೇ ಅಕಸಾಕಿ, ಅಮಾನೊ, ನಕಾಮುರಾ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. 6500ರ ಬಲ್ಬಿನಲ್ಲಿ ಆ ನೀಲಿ ಜಾಸ್ತಿ ಉಳಿದಿರುತ್ತದೆ. ಹುಳುಗಳು ಮುತ್ತುವುದು ಅದಕ್ಕೇ. ಹಿತ್ತಿಲ ಬಾಗಿಲಿನ ಬಲ್ಬನ್ನು ಹಳದಿಗೆ ಬದಲಾಯಿಸಿದ ಮೇಲೆ ಬೆಳಿಗ್ಗೆ ಗುಡಿಸುವಾಗ ಸಿಗುವ ರೆಕ್ಕೆಗಳು ಕಡಿಮೆಯಾಗಿವೆ. ಲೈಟಿನ ಮುಖ ನೆಲಕ್ಕಿರಲಿ. ಮೇಲಕ್ಕೆ ಹೋದ ಬೆಳಕಿನಿಂದ ನಿಮ್ಮ ಕಾಲಿಗೇನೂ ಕಾಣುವುದಿಲ್ಲ, ಗೂಡಿನಲ್ಲಿರುವ ಹಕ್ಕಿಗೆ ನಿದ್ದೆ ಕೆಡುತ್ತದೆ.

ಮಳೆಗೆ ಮೈಯೊಡ್ಡುವ ಲೈಟಿನ ಮೇಲೆ ಐಪಿ ಎಂದು ಎರಡಂಕಿ ಇರುತ್ತದೆ. ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. 44 ಸೂರಿನ ಕೆಳಗೆ ಸಾಕು, ಬಯಲಿಗೆ 65 ಬೇಕು.

ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಪ್ಯಾನಲ್ ಒರೆಸಿ, ಬೆಳಿಗ್ಗೆ ತಂಪಿರುವಾಗ. ತಿಕ್ಕುವ ಪುಡಿ ಹಾಕಿದರೆ ಗೀರು ಬಿದ್ದು ಮಸುಕಾಗುತ್ತದೆ. ಉಬ್ಬಿದ ಲಿಥಿಯಂ ಬ್ಯಾಟರಿ ಕಂಡರೆ ಬಿಚ್ಚಲು ಹೋಗಬೇಡಿ. ಹಳೇ ಸೆಲ್ಲುಗಳನ್ನು ಕಸದ ಬುಟ್ಟಿಗೆ ಹಾಕದೆ ಒಂದು ಡಬ್ಬಿಯಲ್ಲಿ ಕೂಡಿಟ್ಟು ಇ-ಕಸ ತೆಗೆದುಕೊಳ್ಳುವವರಿಗೆ ಕೊಡಿ.

ನನ್ನ ಎಂಟು ಲೈಟುಗಳಲ್ಲಿ ಈಗ ಆರು ಉಳಿದಿವೆ. ಎರಡು ಮೆಟ್ಟಿಲಿನ ಹತ್ತಿರ, ಒಂದು ನಲ್ಲಿಯ ಕಲ್ಲಿಗೆ, ಒಂದು ಹಿತ್ತಿಲ ಬಾಗಿಲಿಗೆ. ಇನ್ನೊಂದು ಗೇಟಿನ ಒಳಮಗ್ಗುಲಲ್ಲಿ, ಬೀದಿ ದೀಪಕ್ಕೆ ಕಂಬದ ಮರೆ ಕೊಟ್ಟು ಚುಚ್ಚಿದ್ದೇನೆ. ಆರನೆಯದನ್ನು ಅತ್ತೆ ತಮ್ಮ ಕಿಟಕಿಯ ಹೊರಗೆ ಹೂಕುಂಡದಲ್ಲಿ ಚುಚ್ಚಿಸಿಕೊಂಡಿದ್ದಾರೆ. ಅಲ್ಲಿ ಗೀಟೂ ಇರಲಿಲ್ಲ, ಕಲ್ಲೂ ಇರಲಿಲ್ಲ. ಬಿಸಿಲು ಬರುವುದು ಬೆಳಿಗ್ಗೆ ಎರಡು ಗಂಟೆ ಮಾತ್ರ. "ನಾನು ಮಲಗೋವರೆಗೆ ಉರಿದ್ರೆ ಸಾಕು" ಅಂದರು. ಹತ್ತೂವರೆಗೆ ಆರುತ್ತದೆ, ಅವರು ಹತ್ತಕ್ಕೆ ಮಲಗುತ್ತಾರೆ.